ಗುಂಡಿ ಒತ್ತಿದರೂ ಏಳದ ಪೆಟ್ಟಿಗೆ

ಮುಂಗಾರಿಗೆ ಮುಂಚಿನ ಗುಡುಗುಮಳೆ ರಾತ್ರಿಯೆಲ್ಲ ಸುರಿದು ಹೋಗಿದೆ. ನಡುವೆ ಎರಡು ಮೂರು ಬಾರಿ ದೀಪ ಆರಿ ಹತ್ತಿದೆ. ಬೆಳಗಿನ ಕಾಫಿ ಮುಗಿಸಿದ ಯಜಮಾನರು ಮೈಸೂರಿನ ಬಡಾವಣೆಯೊಂದರ ತಮ್ಮ ಮನೆಯಲ್ಲಿ ಮೇಜಿನ ಮುಂದೆ ಕುಳಿತು ಗಣಕಯಂತ್ರದ ಗುಂಡಿಯನ್ನು ಒತ್ತುತ್ತಾರೆ. ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ. ಮೂರನೆಯ ಸಲ, ಹಿಂದೆ ವಾಲ್ವ್ ರೇಡಿಯೋಗೆ ನಡೆಯುತ್ತಿದ್ದ ಚಿಕಿತ್ಸೆಯನ್ನೇ ನೆನೆದು, ಪೆಟ್ಟಿಗೆಯ ಪಕ್ಕೆಗೆ ಎರಡು ಏಟು ಕೊಡುತ್ತಾರೆ. ರೇಡಿಯೋಗಾದರೋ ಅದರಿಂದ ಒಮ್ಮೊಮ್ಮೆ ಗುಣ ಕಾಣುತ್ತಿದ್ದುದುಂಟು.

"ಹತ್ತು ವರ್ಷ ದುಡಿಯಿತು. ಇದರ ಆಯುಸ್ಸು ತೀರಿತು" ಎಂದು ತೀರ್ಪಾಯಿತು. ಅಂಗಡಿಗೆ ಫೋನೂ ಹೋಯಿತು. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುವುದಾಗಿ ಅಂಗಡಿಯವನು ಭರವಸೆಯಿತ್ತ.

ಅಡುಗೆಮನೆಯಿಂದ ಬಂದ ಗೃಹಿಣಿ ಬಾಗಿಲಲ್ಲೇ ನಿಂತರು. "ರೀ, ಇದನ್ನು ಕೊಟ್ಟುಬಿಟ್ಟರೆ ಅತ್ತೆಯವರ ಹಾಡು?"

ಯಜಮಾನರು ಉತ್ತರ ಕೊಡಲಿಲ್ಲ. ತೀರಿಕೊಳ್ಳುವ ಮುಂಚಿನ ವರ್ಷ ಅವರ ತಾಯಿ ಹಾಡಿದ ಸಂಪ್ರದಾಯದ ಹಾಡುಗಳೆಲ್ಲ ಆ ಪೆಟ್ಟಿಗೆಯಲ್ಲಿಯೇ ಇದ್ದವು, ಬೇರೆಲ್ಲಿಯೂ ಇರಲಿಲ್ಲ.

ಇಂಥ ಪ್ರಸಂಗ ಈಗ ಅನೇಕ ಮನೆಗಳಲ್ಲಿ ನಡೆಯುತ್ತಿರುತ್ತದೆ. ಪೆಟ್ಟಿಗೆ ಮೂಕವಾದೊಡನೆ ಅದರೊಳಗಿನ ಸಮಸ್ತವೂ ನಾಶವಾಯಿತೆಂದು ಎಣಿಸುವುದು ಸಹಜವೇ ಆದರೂ ಸರಿಯಲ್ಲ. ಹಾರ್ಡ್ ಡಿಸ್ಕಿನಲ್ಲಿರುವುದು ಕಾಂತೀಯವಾದ ಬರಹ. ವಿದ್ಯುತ್ತು ನಿಂತ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಡಿಸ್ಕನ್ನು ಬಿಚ್ಚಿ ಮತ್ತೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ಸಿಡಿಲಿನ ಪೆಟ್ಟು ಡಿಸ್ಕಿಗೂ ತಗಲುವುದುಂಟು, ನಿಜ. ಆದರೆ ನೋಡದೆಯೇ ಹಾಗೆಂದು ನಿರ್ಧರಿಸಿ ಪೆಟ್ಟಿಗೆಯನ್ನು ಮಾರಿಬಿಡುವುದು, ಬೀಗದ ಕೈ ಕಳೆಯಿತೆಂದು ಒಡವೆಯ ಸಮೇತ ಬೀರುವನ್ನೇ ಗುಜರಿಗೆ ಹಾಕಿದಂತೆ.

ನಲ್ಲಿಯಲ್ಲಿ ನೀರು ಬಾರದಿದ್ದರೆ ಯಾವ ಗೃಹಿಣಿಯೂ ಮೊದಲು ನಲ್ಲಿಯನ್ನು ಬದಲಾಯಿಸುವುದಿಲ್ಲ. ತೊಟ್ಟಿಯಲ್ಲಿ ನೀರಿದೆಯೇ, ವಾಲ್ವ್ ತೆರೆದಿದೆಯೇ ಎಂದು ಹರಿವಿನ ಮೂಲದಿಂದ ನೋಡುತ್ತ ಬರುತ್ತಾಳೆ. ಇಲ್ಲಿಯೂ ಕ್ರಮ ಅದೇ. ಗೋಡೆಯ ಸಾಕೆಟ್ಟಿಗೆ ಮೊದಲು ಮೇಜಿನ ದೀಪವನ್ನು ಸಿಕ್ಕಿಸಿ ನೋಡಬೇಕು. ಅದು ಹತ್ತಿತೇ? ಹಾಗಾದರೆ ಯು.ಪಿ.ಎಸ್., ಎಕ್ಸ್‌ಟೆನ್ಷನ್ ಬೋರ್ಡು ಎಲ್ಲವನ್ನೂ ಬದಿಗಿಟ್ಟು ಗಣಕಯಂತ್ರವನ್ನು ನೇರವಾಗಿ ಗೋಡೆಗೇ ಜೋಡಿಸಬೇಕು. ಕೆಲವು ವರ್ಷ ಕಳೆದ ಯು.ಪಿ.ಎಸ್.ನ ಬ್ಯಾಟರಿ ಸೊರಗಿ, ಯಂತ್ರದ ತಪ್ಪಿಲ್ಲದೆ ಯಂತ್ರಕ್ಕೆ ಅಪವಾದ ತರುವುದು ಬಹಳ. ಅನೇಕ ಮಾನಿಟರುಗಳಿಗೆ ಬರುವ ಕೇಬಲ್ಲೂ ಪೆಟ್ಟಿಗೆಯ ಕೇಬಲ್ಲೂ ಒಂದೇ ಜಾತಿಯವು. ಆದ್ದರಿಂದ ಅದಲು ಬದಲು ಮಾಡಿ ನೋಡಲು ಕಾಸು ಖರ್ಚಿಲ್ಲ. ಪೆಟ್ಟಿಗೆಯ ಹಿಂಭಾಗದಲ್ಲಿ ಸೊನ್ನೆ ಮತ್ತು ಒಂದು ಗೆರೆ ಬರೆದಿರುವ ಪುಟ್ಟ ಸ್ವಿಚ್ಚೊಂದಿರುತ್ತದೆ. ಗುಡಿಸುವವರ ಪೊರಕೆ ತಾಗಿ ಅದು ಸೊನ್ನೆಯ ಕಡೆಗೆ ವಾಲಿರಬಹುದು. ಸೊನ್ನೆಯೆಂದರೆ ಬಂದ್.

ಇಷ್ಟರಿಂದ ಪ್ರಯೋಜನ ಕಾಣದಿದ್ದರೆ ಪ್ಲಗ್ಗನ್ನು ಪೂರ್ತಿ ಕಿತ್ತು, ಮುಂಬದಿಯ ಗುಂಡಿಯನ್ನು ಹತ್ತಾರು ಸೆಕೆಂಡು ಒತ್ತಿ ಹಿಡಿದು, ಕೆಲವು ನಿಮಿಷ ಸುಮ್ಮನೆ ಬಿಟ್ಟು, ಮತ್ತೆ ಜೋಡಿಸಬೇಕು. ಇದು ಮಂತ್ರವಲ್ಲ. ವಿದ್ಯುತ್ತು ಏರಿಳಿದಾಗ ಪೆಟ್ಟಿಗೆಯೊಳಗಿನ ರಕ್ಷಣಾ ವ್ಯವಸ್ಥೆ ಬಾಗಿಲು ಹಾಕಿಕೊಂಡು ಕುಳಿತಿರುತ್ತದೆ. ಉಳಿದ ಶಕ್ತಿಯೆಲ್ಲ ಬಸಿದುಹೋದ ಮೇಲೆ ಕೆಲವೊಮ್ಮೆ ತಾನಾಗಿ ಬಾಗಿಲು ತೆರೆಯುತ್ತದೆ.

ಇಲ್ಲಿ ಆ ಗುಂಡಿಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಅದು ದೀಪದ ಸ್ವಿಚ್ಚಿನಂತಹುದಲ್ಲ; ಕಚೇರಿಯಲ್ಲಿ ಜವಾನನನ್ನು ಕರೆಯುವ ಗಂಟೆಯಂತಹುದು. ಮೊದಲ ತಲೆಮಾರಿನ ಮೇಜಿನ ಗಣಕಗಳಲ್ಲಿ ಗುಂಡಿಯೇ ಮನೆಯ ವಿದ್ಯುತ್ತನ್ನು ಕಡಿದು ಕೂಡಿಸುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆ ಎ.ಟಿ.ಎಕ್ಸ್. ಎಂಬ ಹೊಸ ಕಟ್ಟಳೆಯನ್ನು ತಂದ ಮೇಲೆ ಪದ್ಧತಿ ಬದಲಾಯಿತು. ಎಸ್.ಎಂ.ಪಿ.ಎಸ್. ಎಂದು ಎಲ್ಲರೂ ಕರೆಯುವ ಒಂದು ಲೋಹದ ಡಬ್ಬಿ ಪೆಟ್ಟಿಗೆಯೊಳಗಿದೆ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಹಂಚುವುದು ಅದರ ಕೆಲಸ. ಗೋಡೆಯ ಸ್ವಿಚ್ಚು ಹಾಕಿರುವಷ್ಟು ಹೊತ್ತೂ ಈ ಡಬ್ಬಿ ಪೂರ್ತಿ ಮಲಗುವುದಿಲ್ಲ. ನೇರಳೆ ಬಣ್ಣದ ತಂತಿಯೊಂದರಲ್ಲಿ 5 ವೋಲ್ಟನ್ನು ಕಾವಲಿಗೆ ಇಟ್ಟಿರುತ್ತದೆ. ಗುಂಡಿ ಒತ್ತಿದಾಗ ಮದರ್‌ಬೋರ್ಡು ಆ ಕಾವಲಿನ ಬಲದಿಂದಲೇ ಎಚ್ಚೆತ್ತು, ಹಸಿರು ತಂತಿಯ ಮೂಲಕ ಡಬ್ಬಿಗೆ ಅರ್ಜಿ ಹಾಕುತ್ತದೆ. ಡಬ್ಬಿ ಎಲ್ಲ ವೋಲ್ಟುಗಳನ್ನೂ ಹದಕ್ಕೆ ತಂದು, ಒಂದು ಸೆಕೆಂಡಿನ ಹತ್ತನೆಯ ಭಾಗದಿಂದ ಅರ್ಧ ಸೆಕೆಂಡಿನೊಳಗೆ, ಬೂದುಬಣ್ಣದ ತಂತಿಯಲ್ಲಿ "ಎಲ್ಲವೂ ಕ್ಷೇಮ" ಎಂಬ ಸಂಕೇತವನ್ನು ಕಳಿಸುತ್ತದೆ. ಆ ಮಂಜೂರಾತಿ ತಲಪಿದ ಮೇಲಷ್ಟೇ ಮುಖ್ಯ ಚಿಪ್ಪು ಕೆಲಸಕ್ಕೆ ತೊಡಗುವುದು. ಸರ್ಕಾರಿ ಕಡತಕ್ಕೆ ಹೋಲಿಸಿದರೆ ಇಲ್ಲಿ ವಿಲಂಬ ಕಡಮೆ. ಆದರೆ ನಡುವೆ ಯಾವ ಮೇಜಿನಲ್ಲಿ ನಿಂತರೂ ಫಲಿತಾಂಶ ಒಂದೇ: ಹೊರಗೆ ಮೌನ.

ಆದಕಾರಣ ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು (ಪ್ಲಗ್ಗನ್ನು ಕಿತ್ತ ನಂತರವೇ ತೆಗೆಯತಕ್ಕದ್ದು), ಮತ್ತೆ ವಿದ್ಯುತ್ತು ಕೊಟ್ಟು, ಒಳಗೆ ಕೈ ಹಾಕದೆ ಕಣ್ಣಿನಿಂದಷ್ಟೇ ನೋಡಿದರೂ ಬಹಳ ತಿಳಿಯುತ್ತದೆ. ಅನೇಕ ಮದರ್‌ಬೋರ್ಡುಗಳಲ್ಲಿ ಕಾವಲು ವಿದ್ಯುತ್ತು ಬಂದಿರುವುದನ್ನು ಸೂಚಿಸುವ ಕಿರುದೀಪವಿದೆ. ಅದು ಉರಿಯುತ್ತಿದ್ದರೆ ಗೋಡೆಯಿಂದ ಅಲ್ಲಿಯವರೆಗೆ ದಾರಿ ತೆರೆದಿದೆಯೆಂದು ಅರ್ಥ. ದೋಷ ಬರಿಯ ಗುಂಡಿಯದೇ ಆಗಿರಬಹುದು. ಹತ್ತು ವರ್ಷ ಒತ್ತಿಸಿಕೊಂಡ ಗುಂಡಿ ಸವೆಯುವುದರಲ್ಲಿ ಆಶ್ಚರ್ಯವೇನು? ರೀಸೆಟ್ ಗುಂಡಿಯ ಎರಡು ತಂತಿಗಳನ್ನು ಅದರ ಸ್ಥಾನಕ್ಕೆ ಸಿಕ್ಕಿಸಿದರೆ ಕಾಸಿಲ್ಲದೆ ಕೆಲಸ ನಡೆಯುತ್ತದೆ. ದೀಪ ಇರಬೇಕಾದಲ್ಲಿ ಕತ್ತಲೆಯಿದ್ದರೆ ಅನುಮಾನ ಎಸ್.ಎಂ.ಪಿ.ಎಸ್. ಮೇಲೆ ಬೀಳುತ್ತದೆ.

ಮೌನದಲ್ಲಿಯೂ ಭೇದಗಳಿವೆ. ಫ್ಯಾನು ಒಂದು ಸುತ್ತು ತಿರುಗಿ ನಿಂತರೆ, ಚಿಪ್ಪಿನ ಬಳಿಯ ನಾಲ್ಕು ಅಥವಾ ಎಂಟು ಕಡ್ಡಿಯ ಜೋಡಣೆ ಸಡಿಲಿರಬಹುದು, ಇಲ್ಲವೆ ಎಲ್ಲಿಯೋ ಶಾರ್ಟ್ ಆಗಿರಬಹುದು. ಫ್ಯಾನು ತಿರುಗುತ್ತಲೇ ಇದ್ದು ಪರದೆ ಕಪ್ಪಾಗಿದ್ದರೆ, ವಿದ್ಯುತ್ತು ಕಳೆದು ರ್ಯಾಮ್ ಹಲಗೆಯನ್ನು ಕಿತ್ತು ಒರೆಸಿ ಮರಳಿ ಒತ್ತಿ ಕೂಡಿಸಿದರೆ ಸಾಕಾಗುವುದು ಅಪರೂಪವಲ್ಲ. ನಾಣ್ಯದಂಥ 3 ವೋಲ್ಟಿನ ಸೆಲ್ಲನ್ನು ಮೊದಲು ಬದಲಾಯಿಸಿ ಹಣ ಕೇಳುವ ದುರಸ್ತಿಗಾರರೂ ಉಂಟು. ಆ ಸೆಲ್ಲು ಸತ್ತರೆ ಸಾಮಾನ್ಯವಾಗಿ ಗಡಿಯಾರ ತಪ್ಪುವುದೇ ಹೊರತು ಯಂತ್ರ ನಿಲ್ಲುವುದು ವಿರಳ.

ಒಂದು ವಿಷಯದಲ್ಲಿ ಮಾತ್ರ ಮನೆಯವರ ಧೈರ್ಯ ಅಪಾಯಕರ. ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಬಿಚ್ಚಕೂಡದು. ಒಳಗಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟು ಸಂಗ್ರಹವಾಗಿರುತ್ತದೆ. ಪ್ಲಗ್ಗು ಕಿತ್ತ ಮೇಲೆಯೂ ಅದು ಸ್ವಲ್ಪ ಹೊತ್ತು ಉಳಿದೀತು. ಕೆಟ್ಟ ಡಬ್ಬಿಯನ್ನು ಇಡಿಯಾಗಿ ತೆಗೆದು, ಯಂತ್ರಕ್ಕೆ ಸಾಕಾಗುವಷ್ಟು ವಾಟಿನ ಹೊಸದನ್ನು ಕೂಡಿಸುವುದೇ ಮಾರ್ಗ.

ಮೈಸೂರಿನ ಮನೆಯಲ್ಲಿ ದೀಪದ ಪರೀಕ್ಷೆಯನ್ನೂ ಕೇಬಲ್ಲಿನ ಪರೀಕ್ಷೆಯನ್ನೂ ಗೃಹಿಣಿಯೇ ಮಾಡಿದರು. ಕಾಲೇಜಿನಿಂದ ಬಂದ ಮಗ ತಗಡು ಬಿಚ್ಚಿದ. ಹತ್ತು ವರ್ಷದ ಧೂಳು, ಒಂದು ಹಲ್ಲಿಯ ಅಸ್ಥಿಪಂಜರ, ಕಿರುದೀಪ ಉರಿಯುತ್ತಿರಲಿಲ್ಲ. ಸಂಜೆ ದುರಸ್ತಿಗಾರ ಬಂದು, ಡಬ್ಬಿಯ ಜೋಡಣೆಯನ್ನು ಬೋರ್ಡಿನಿಂದ ಕಳಚಿ, ಹಸಿರು ತಂತಿಯನ್ನೂ ಕಪ್ಪು ತಂತಿಯನ್ನೂ ಕೂಡಿಸಿದ. ಡಬ್ಬಿಯ ಫ್ಯಾನು ಕದಲಲಿಲ್ಲ. ಮಳೆಯ ರಾತ್ರಿಯ ಪೆಟ್ಟನ್ನು ಅದೇ ತಿಂದಿತ್ತು. ತಾನು ತಂದಿದ್ದ ಹೊಸ ಡಬ್ಬಿಯನ್ನು ನಾಲ್ಕು ತಿರುಪಿನಿಂದ ಬಿಗಿದು ಆತ ಗುಂಡಿ ಒತ್ತಿದ.

ಫ್ಯಾನು ತಿರುಗಿತು, ಪರದೆ ಬೆಳಗಿತು. ಯಾರೂ ಮಾತಾಡಲಿಲ್ಲ. ಗೃಹಿಣಿ ಕೈ ಒರೆಸಿಕೊಂಡು ಬಂದು ಹಾಡಿನ ಕಡತವನ್ನು ತಾವೇ ತೆರೆದರು. ಮೊದಲು ಪಾತ್ರೆಯ ಸದ್ದು, ಆಮೇಲೆ ಕೆಮ್ಮು, ಆಮೇಲೆ ಮುದುಕಿಯ ಧ್ವನಿ: "ಈಗ ಶುರು ಮಾಡಲೇನೇ?" ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಮಗ ಅಷ್ಟರಲ್ಲಿ ಪೆನ್ ಡ್ರೈವ್ ತರಲು ಚಪ್ಪಲಿ ಮೆಟ್ಟಿದ್ದ. "ಒಂದಲ್ಲ, ಎರಡು ತಾ" ಎಂದರು ಗೃಹಿಣಿ.