ಬಾಡಿಗೆಯ ಕಾಯಿದೆ ಯಾರ ರಕ್ಷಣೆಗೆ?

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಪುಣಜನೂರನ್ನು ದಾಟಿ ಮುಂದರಿದರೆ ಕರ್ನಾಟಕದ ಎಲ್ಲೆ ಮುಗಿಯುತ್ತದೆ, ಕನ್ನಡವು ಮುಗಿಯುವುದಿಲ್ಲ. ತಾಳವಾಡಿಯ ಕಡೆ ಇಂದಿಗೂ ಬಹು ಮನೆಗಳ ಮಾತು ಕನ್ನಡವೇ. ಮಾತು ಒಂದಾದರೂ ಕಾಯಿದೆ ಬೇರೆ. ಮನೆಬಾಡಿಗೆಯಂಥ ನಿತ್ಯದ ಸಂಗತಿಯಲ್ಲಿ ಈ ಭೇದವು ಎಂಥದೆಂಬುದನ್ನು ವಾಚಕರ ಮುಂದಿಡಬಯಸುತ್ತೇವೆ.

ಪ್ರಾಂತಗಳು ಹಂಚಿಹೋಗಿದ್ದ ದಿನಗಳಲ್ಲಿ ಧಾರವಾಡದವನ ಬಾಡಿಗೆಯನ್ನು ಮುಂಬಯಿಯ 1947ರ ಕಾಯಿದೆಯೂ, ಮಂಗಳೂರಿನವನದನ್ನು ಮದರಾಸಿನ 1949ರ ಕಾಯಿದೆಯೂ, ಮೈಸೂರಿನವನದನ್ನು 1951ರ ಕಾಯಿದೆಯೂ ಅಳೆಯುತ್ತಿದ್ದುವು. 1956ರಲ್ಲಿ ನಾಡು ಒಂದಾಯಿತು. ಬಾಡಿಗೆಯ ನ್ಯಾಯವು ಒಂದಾಗುವುದಕ್ಕೆ 1961ರ ಕಾಯಿದೆಯವರೆಗೆ ಕಾಯಬೇಕಾಯಿತು.

ಹಾಗೆ ದೊರೆತ ರಕ್ಷೆಯು ಈಗ ಎಷ್ಟು ಉಳಿದಿದೆ? 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕಾಯಿದೆಯು ತಿಂಗಳ ಬಾಡಿಗೆ ದೊಡ್ಡ ಊರುಗಳಲ್ಲಿ 3,500 ರೂಪಾಯಿಯನ್ನೂ ಉಳಿದೆಡೆ 2,000 ರೂಪಾಯಿಯನ್ನೂ ಮೀರಿದರೆ ಆ ಕಟ್ಟಡವನ್ನು ತನ್ನ ಹೊರಗಿಟ್ಟಿತು. ಅಂಗಡಿಗಳಲ್ಲಿಯೂ 14 ಚದರ ಮೀಟರಿಗೆ ಮೀರದವುಗಳಿಗೆ ಮಾತ್ರ ಆಶ್ರಯ. ಅಂದಿನ 3,500ಕ್ಕೂ ಇಂದಿನ 3,500ಕ್ಕೂ ಇರುವ ಅಂತರವನ್ನು ಸಂಬಳ ಎಣಿಸುವ ಉಪಾಧ್ಯಾಯರಿಗೆ ನಾವು ಹೇಳಬೇಕಾದುದಿಲ್ಲ. ಬೆಲೆಗಳೆಲ್ಲ ಏರಿದುವು, ಅಂಕಿಯು ಮಾತ್ರ ನಿಂತಲ್ಲೇ ನಿಂತಿತು. ಕಾಯಿದೆಯನ್ನು ರದ್ದು ಮಾಡದೆಯೇ ಬರಿದು ಮಾಡುವ ಉಪಾಯವು ಇದಕ್ಕಿಂತ ಸುಲಭವಾದುದು ಬೇರೊಂದಿಲ್ಲ! ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ವಾಡಿಕೆ ಬೆಳೆದದ್ದು ಇಂಥ ಬಯಲಿನಲ್ಲಿಯೇ.

ಗಡಿಯಾಚೆ ನೋಡಿರಿ. ತಮಿಳುನಾಡಿನ ಪಟ್ಟಣಗಳಲ್ಲಿ 2019ರಿಂದ ಜಾರಿಯಲ್ಲಿರುವ ಕಾಯಿದೆಯು, ಬೇರೆ ಕರಾರಿಲ್ಲದಿದ್ದರೆ, ಮೂರು ತಿಂಗಳ ಬಾಡಿಗೆಗೆ ಮೀರಿ ಮುಂಗಡ ಕೇಳಬಾರದೆನ್ನುತ್ತದೆ. "ಬೇರೆ ಕರಾರಿಲ್ಲದಿದ್ದರೆ" ಎಂಬ ಮಾತಿನಲ್ಲಿಯೇ ಬಲಶಾಲಿಗೆ ಬಾಗಿಲು ತೆರೆದಿದೆಯೆಂಬುದೂ ನಿಜ. ಕೇಂದ್ರ ಸರಕಾರದ 2021ರ ಮಾದರಿ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳೆಂದಿದೆ; ಆದರೆ ರಾಜ್ಯವು ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಜೀವ.

ಮನೆಯೊಡೆಯರೆಲ್ಲ ಲೋಭಿಗಳೆಂದು ನಾವು ಎಣಿಸುವವರಲ್ಲ. ಒಂದೇ ಮನೆಯ ಬಾಡಿಗೆಯಿಂದ ಜೀವಿಸುವ ವಿಧವೆಯರೂ ನಿವೃತ್ತರೂ ನಮ್ಮ ಊರುಗಳಲ್ಲಿ ಉಂಟು. ಮುಂಬಯಿಯಲ್ಲಿ 1940ರ ಬಾಡಿಗೆಯನ್ನೇ ದಶಕಗಳವರೆಗೆ ಕಟ್ಟಿಹಾಕಿದುದು ನ್ಯಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ 1997ರಲ್ಲಿ ಹೇಳಿತು. ಬೆಲೆಯೊಡನೆ ಏರದ ಬಾಡಿಗೆಯಿಂದ ಒಡೆಯನು ಕೆಡುತ್ತಾನೆ. ಬೆಲೆಯೊಡನೆ ಏರದ ಮಿತಿಯಿಂದ ಬಾಡಿಗೆದಾರನು ಕೆಡುತ್ತಾನೆ. ಆದುದರಿಂದ ಈ 3,500 ಮತ್ತು 2,000 ರೂಪಾಯಿಗಳ ಗೆರೆಯನ್ನು ಬೆಲೆಗಳ ಏರಿಕೆಗೆ ತಕ್ಕಂತೆ ಮೂರು ವರ್ಷಕ್ಕೊಮ್ಮೆ ತಿದ್ದುವ ವಿಧಿಯೊಂದನ್ನು ಕಾಯಿದೆಯಲ್ಲಿಯೇ ಸೇರಿಸಬೇಕೆಂದೂ, ಮುಂಗಡಕ್ಕೆ ಕರಾರಿನಿಂದ ಮುರಿಯಲಾಗದ ಎಲ್ಲೆಯೊಂದನ್ನು ಬರೆಯಬೇಕೆಂದೂ ನಮ್ಮ ಶಾಸಕರನ್ನು ಕೇಳುತ್ತೇವೆ. ಚಾಮರಾಜನಗರ, ಗುಂಡ್ಲುಪೇಟೆಗಳ ವಾಚಕರು ತಮ್ಮ ಪ್ರತಿನಿಧಿಗಳಿಗೆ ಈ ಎರಡು ಮಾತುಗಳನ್ನು ಬರೆದು ತಿಳಿಸಲಿ.