ಮಲಗುವ ಕೋಣೆಗೊಂದು 32 ಇಂಚು
ಪುಣೆಯ ಬುಧವಾರ ಪೇಟೆಯಲ್ಲಿ, ತಪಕೀರ್ ಗಲ್ಲಿಯ ಆಸುಪಾಸಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಮಲಗುವ ಕೋಣೆಗೊಂದು ಅಗ್ಗದ ಟಿವಿ ಕೇಳಿದವರ ಮುಂದೆ ಮೊದಲು ಬಂದು ನಿಲ್ಲುವುದು 32 ಇಂಚಿನದು. 2025ರ ಸೆಪ್ಟೆಂಬರ್ 22ರಿಂದ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತೆಂದು ಖುಷಿಯಿಂದ ಹೊರಟವರಿಗೆ ಇಲ್ಲಿ ಲಾಭವೇನಿಲ್ಲ: ಆ ಇಳಿಕೆ 32 ಇಂಚಿಗಿಂತ ದೊಡ್ಡವಕ್ಕೆ, 32 ಇಂಚಿನವರೆಗಿನವು 2019ರ ಜನವರಿಯಿಂದಲೂ ಶೇ 18ರಲ್ಲೇ ಇವೆ. ಇದನ್ನೇ ನೆಪ ಮಾಡಿಕೊಂಡು ಸೇಲ್ಸ್‌ಮನ್ 43 ಇಂಚಿನದಕ್ಕೆ ಪುಸಲಾಯಿಸುವುದುಂಟು. ಹಾಸಿಗೆಯಿಂದ ಗೋಡೆಗೆ ಆರೇಳು ಅಡಿಯಿರುವ ಕೋಥ್ರೂಡ್‌ನ ಹಳೆಯ ಫ್ಲ್ಯಾಟಿಗೆ ಅದು ದುಂದು. ನೋಡಬೇಕಾದದ್ದು ಪ್ಯಾನೆಲ್. ವಿಎ ಪ್ಯಾನೆಲ್ ಕಪ್ಪನ್ನು ಗಾಢವಾಗಿ ತೋರಿಸುತ್ತದೆ, ಆದರೆ ಓರೆಯಿಂದ ನೋಡಿದರೆ ಬಣ್ಣ ಪೇಲವ. ಐಪಿಎಸ್‌ನಲ್ಲಿ ಕಪ್ಪು ತುಸು ಬೂದುಬಣ್ಣವಾದರೂ ಬಣ್ಣ ಎತ್ತಲಿಂದಲೂ ಹೆಚ್ಚೂಕಡಿಮೆ ಒಂದೇ. ಮಗ್ಗುಲಾಗಿ ಮಲಗಿ, ದಿಂಬಿಗೊರಗಿ ನೋಡುವವರಿಗೆ ಎರಡನೆಯದೇ ಲೇಸು. ಅಂಗಡಿಯಲ್ಲೇ ಪಕ್ಕಕ್ಕೆ ಸರಿದು, ಬಗ್ಗಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ; ಸೇಲ್ಸ್‌ಮನ್ ನಕ್ಕರೆ ನಗಲಿ. ಈ ಗಾತ್ರದ ಅಗ್ಗದ ಮಾದರಿಗಳು ಬಹುಪಾಲು ಎಚ್‌ಡಿ ರೆಡಿ, ಅಂದರೆ 1366×768 ಪಿಕ್ಸೆಲ್. ತಿಂಗಳ ಚಂದಾ ಇಲ್ಲದ ಡಿಡಿ ಫ್ರೀ ಡಿಶ್‌ನಲ್ಲಿ ಪುಣೆಯ ಕನ್ನಡಿಗರಿಗೂ ಸಿಗುವ ಚಂದನ ವಾಹಿನಿಗೆ ಅಷ್ಟು ಧಾರಾಳ. ‘ಸ್ಮಾರ್ಟ್’ ಎಂಬ ಹಣೆಪಟ್ಟಿಗಿಂತ ರ‍್ಯಾಮ್ ಎಷ್ಟೆಂದು ಕೇಳುವುದು ಮೇಲು. 1 ಜಿಬಿಯದ್ದು ಆ್ಯಪ್‌ಗಳು ಹಿಗ್ಗಿದಂತೆ ಏದುಸಿರು ಬಿಡುತ್ತದೆ. ಎಲ್‌ಜಿ, ಹೈಯರ್ ಕಾರ್ಖಾನೆಗಳು ಪುಣೆಯ ಹತ್ತಿರದ ರಾಂಜಣಗಾಂವ್‌ನಲ್ಲೇ ಇವೆಯೆಂದು ಮಾರುವವರು ಅಭಿಮಾನದಿಂದ ಹೇಳಿಯಾರು, ಹಾಗೆಂದು ಬೆಲೆಯಲ್ಲಿ ರಿಯಾಯಿತಿ ನಿರೀಕ್ಷಿಸುವಂತಿಲ್ಲ. ಗೋಡೆಗೆ ಕೂರಿಸುವ ಸ್ಟ್ಯಾಂಡಿನ ದುಡ್ಡು ಬೇರೆಯೋ, ವಾರಂಟಿ ಪ್ಯಾನೆಲ್‌ಗೂ ಉಂಟೋ ಎಂಬುದನ್ನು ಬಿಲ್ ಮಾಡಿಸುವ ಮೊದಲೇ ಕೇಳಿಬಿಡಿ.