ಇಪ್ಪತ್ತು ಮಾತು ನುಂಗಿದ ಒಂದು ‘ಟೆನ್ಶನ್’

ಕನ್ನಡದ ಯುವಕ ಯುವತಿಯರೇ,

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಯಾವ ಪೇಟೆಗೆ ಹೋದರೂ ಗೋಡೆಯ ಮೇಲೆ ‘ಸ್ಪೋಕನ್ ಇಂಗ್ಲಿಷ್’ ಕ್ಲಾಸಿನ ಭಿತ್ತಿಪತ್ರ ಕಾಣುತ್ತದೆ. ಅಂಥವನ್ನು ನಮ್ಮ ಪ್ರೆಸ್ಸೂ ಅಚ್ಚು ಹಾಕಿದೆ, ಹೊಟ್ಟೆಪಾಡು! ಆ ಕ್ಲಾಸುಗಳಲ್ಲಿ ಮೊದಲ ದಿನ ಕಲಿಸುವುದು ‘ಹೌ ಆರ್ ಯೂ’, ‘ಐ ಆಮ್ ಫೈನ್’. ಸರಿ, ಫೈನ್ ಇಲ್ಲದ ದಿನ ಏನು ಹೇಳಬೇಕು? ಸಂದರ್ಶನದ ಬಾಗಿಲಲ್ಲಿ ಅಂಗೈ ಬೆವರುವಾಗ, ಊರಿನಿಂದ ಫೋನು ಬಾರದೆ ನಿದ್ದೆಗೆಟ್ಟಾಗ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಮುಂದೇನು ಎಂದು ತಿಳಿಯದಾದಾಗ ಯಾವ ಮಾತು? ಆಗ ನಮ್ಮ ಮಕ್ಕಳ ಬಾಯಿಗೆ ಬರುವುದು ಒಂದೇ ಒಂದು: ‘ಟೆನ್ಶನ್’. ಪರೀಕ್ಷೆಗೂ ಟೆನ್ಶನ್, ಮದುವೆಗೂ ಟೆನ್ಶನ್, ಸಾಲಕ್ಕೂ ಟೆನ್ಶನ್, ಬಸ್ಸು ತಡವಾದರೂ ಟೆನ್ಶನ್!

ಇಂಗ್ಲಿಷ್ ಕಲಿಯಬೇಡಿ ಎಂದು ಹೇಳುವ ಪತ್ರಿಕೆ ಇದಲ್ಲ. ಕನ್ನಡದ ಹೆಸರಿನಲ್ಲಿ ಬಡವರ ಮಕ್ಕಳಿಗೆ ಇಂಗ್ಲಿಷ್ ತಪ್ಪಿಸಿ, ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವ ಮಹನೀಯರ ಸಾಲಿಗೆ ನಾವು ಸೇರಿದವರೂ ಅಲ್ಲ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಇಂಗ್ಲಿಷನ್ನು ಚೆನ್ನಾಗಿ ಕಲಿತರು. ಕಲಿತದ್ದನ್ನು ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಉಣಬಡಿಸಿದರು. ಇಂಗ್ಲಿಷ್ ಬಂತೆಂದು ಅವರ ಕನ್ನಡ ಓಡಿಹೋಗಲಿಲ್ಲ. ನಾವು ಕೇಳುವುದು ಇಷ್ಟೇ: ಕಲಿಯುವುದಾದರೆ ಸರಿಯಾಗಿ ಕಲಿಯಿರಿ, ಇದ್ದದ್ದನ್ನು ಕಳೆದುಕೊಂಡು ಅರ್ಧಂಬರ್ಧ ಕಲಿಯಬೇಡಿ.

ಇದ್ದದ್ದು ಎಷ್ಟು, ನೋಡೋಣ. ಹೋದವರು ಹೊತ್ತಾದರೂ ಬರದಿದ್ದರೆ ಕಳವಳ. ಕತ್ತಲಲ್ಲಿ ಫಕ್ಕನೆ ಸದ್ದಾದರೆ ದಿಗಿಲು. ದೊಡ್ಡವರ ಮುಂದೆ ಬಾಯಿ ತೆರೆಯಲು ಅಳುಕು. ಒಳಗೊಳಗೇ ಕಲಕಿದರೆ ತಳಮಳ, ಒಳಗೊಳಗೇ ಸುಟ್ಟರೆ ಬೇಗುದಿ. ಮುಖ ಕೆಳಗೆ ಹಾಕಿ ಕೂತವನದು ದುಗುಡ. ಆ ಕಡೆಗೋ ಈ ಕಡೆಗೋ ಎಂಬುದು ಹೊಯ್ದಾಟ, ಎರಡೂ ಬಿಡಲಾಗದಿದ್ದರೆ ಇಬ್ಬಂದಿ. ಇನ್ನು ‘ಚಿಂತೆ’ ಇದ್ದೇ ಇದೆ. ಅದರ ಸೊನ್ನೆ ಬಿದ್ದುಹೋದರೆ ‘ಚಿತೆ’ಯಾಗುತ್ತದೆ, ಕರಡು ತಿದ್ದುವವರಿಗೆ ಈ ಭಯ ಯಾವಾಗಲೂ ಇರುತ್ತದೆ! ಇವುಗಳಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಕಳವಳಪಡುವ ತಾಯಿಗೆ ಸಮಾಧಾನ ಹೇಳುವ ರೀತಿಯೇ ಬೇರೆ, ಅಳುಕುವ ಹುಡುಗನಿಗೆ ಧೈರ್ಯ ಹೇಳುವ ರೀತಿಯೇ ಬೇರೆ. ಎರಡಕ್ಕೂ ಟೆನ್ಶನ್ ಎಂದರೆ ಕೇಳಿದವನು ಏನು ಹೇಳಬೇಕು? ‘ಟೆನ್ಶನ್ ಮಾಡ್ಕೋಬೇಡ’ ಎಂದು ಎದ್ದುಹೋಗುತ್ತಾನೆ.

ನಮ್ಮ ಕರಾವಳಿಯವರಿಗಂತೂ ‘ಮಂಡೆಬಿಸಿ’ ಎಂಬ ಚಿನ್ನದಂಥ ಮಾತಿದೆ. ತುಳುವಿನ ‘ಮಂಡೆಬೆಚ್ಚ’ದಿಂದ ಬಂದದ್ದು. ‘ಮಂಡೆಬೆಚ್ಚ ಮಲ್ಪೊಡ್ಚಿ’ ಎಂದು ಬೆನ್ನು ತಟ್ಟಿದರೆ ಅರ್ಧ ಬಿಸಿ ಇಳಿದ ಹಾಗೆಯೇ. ಬೆಂಗಳೂರಿನ ಆಫೀಸಿನಲ್ಲಿ ನಮ್ಮ ಹುಡುಗ ‘ಮಂಡೆಬಿಸಿ’ ಎಂದರೆ ಪಕ್ಕದವರು ನಗುತ್ತಾರಂತೆ. ಸಿನಿಮಾದವರು ಮಂಗಳೂರು ಕನ್ನಡವನ್ನು ಹಾಸ್ಯಪಾತ್ರಗಳ ಬಾಯಿಗೆ ತುರುಕಿ ಕಲಿಸಿದ ಚಾಳಿ ಇದು. ಟೆನ್ಶನ್ ಎಂದರೆ ನಾಗರಿಕ, ಮಂಡೆಬಿಸಿ ಎಂದರೆ ವಿದೂಷಕ! ಈ ಕೀಳರಿಮೆಯನ್ನು ನಮ್ಮ ತಲೆಗೆ ತುಂಬಿದವರು ಇಂಗ್ಲಿಷರಲ್ಲ, ಕನ್ನಡಿಗರೇ.

ಅನಿಶ್ಚಯದ ವಿಷಯದಲ್ಲಿ ಕನ್ನಡದ ಶಕ್ತಿ ಇನ್ನೂ ದೊಡ್ಡದು. ನೇತ್ರಾವತಿ 1923ರಲ್ಲಿ, 1974ರಲ್ಲಿ ಬಂಟ್ವಾಳವನ್ನು ಮುಳುಗಿಸಿದ್ದನ್ನು ಹಿರಿಯರು ಹೇಳುತ್ತಾ ಬಂದಿದ್ದಾರೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳು ಕಂಡದ್ದು ನಮ್ಮ ಕಣ್ಣೆದುರಿನದು. ಮಳೆಗಾಲದ ರಾತ್ರಿ ಹೊಳೆಯ ಬದಿಯವರು ಆಡುವ ಮಾತು ಕೇಳಿ: ‘ನೀರು ಏರೀತು’, ‘ಏರಿದರೂ ಏರೀತು’, ‘ಏರುತ್ತದೋ ಏನೋ’, ‘ಏರುತ್ತದಂತೆ’, ‘ಏರಲಿಕ್ಕಿಲ್ಲ’. ಕ್ರಿಯಾಪದದ ಬಾಲ ಒಂದಿಷ್ಟು ತಿರುಗಿದರೆ ಸಾಕು, ಅನುಮಾನ ಎಷ್ಟು, ಸುದ್ದಿ ಸ್ವಂತದ್ದೋ ಕೇಳಿದ್ದೋ ಎಲ್ಲವೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಮೇ, ಮೈಟ್, ಪರ್ಹ್ಯಾಪ್ಸ್, ಲೈಕ್ಲಿ, ಅನ್‌ಲೈಕ್ಲಿ, ‘ಐ ಹಿಯರ್’ ಎಂದು ಬೇರೆ ಬೇರೆ ಮಾತು ಜೋಡಿಸಬೇಕು. ಅವುಗಳನ್ನು ಕಲಿಯಿರಿ. ‘ಏರೀತು’ ಎನ್ನಲು ‘ಇಟ್ ಮೇ ರೈಸ್’ ಎನ್ನಬೇಕಾದ ಕಡೆ ‘ಇಟ್ ವಿಲ್ ರೈಸ್’ ಎಂದುಬಿಟ್ಟರೆ ಊರು ಖಾಲಿಯಾದೀತು!

ಇಂಗ್ಲಿಷಿನಲ್ಲಿಯೂ ಅವರವರ ಮಾತಿಗೆ ಅದರದರ ಜಾಗವಿದೆ, ನಮ್ಮವರು ಅದನ್ನು ಹೇಳಿಕೊಡುವುದಿಲ್ಲ. ಅಣ್ಣನ ಆರೋಗ್ಯದ ಚಿಂತೆಗೆ ‘ವರೀಡ್’. ಸಂದರ್ಶನಕ್ಕೆ ಮುನ್ನಿನ ಅಳುಕಿಗೆ ‘ನರ್ವಸ್’. ಕಾರಣ ಇಂಥದ್ದೇ ಎಂದು ಹೇಳಲಾಗದೆ ಎದೆ ಹಿಡಿದಂತಾಗುವ ಕಳವಳಕ್ಕೆ ‘ಆ್ಯಂಕ್ಷಸ್’. ಮೇಲಧಿಕಾರಿಗೆ ಕಾಗದ ಬರೆಯುವಾಗ ಗಂಭೀರವಾಗಿ ‘ಕನ್ಸರ್ನ್ಡ್’. ‘ಟೆನ್ಶನ್’ ಎಂಬುದರ ಮೂಲ ಅರ್ಥ ಹಗ್ಗ ಬಿಗಿದ ಸೆಳೆತ. ‘ಐ ಹ್ಯಾವ್ ಟೆನ್ಶನ್’ ಎಂದರೆ ಹೊರದೇಶದವನಿಗೆ ವಿಚಿತ್ರವಾಗಿ ಕೇಳುತ್ತದೆ. ಹಾಗೆಯೇ ನಮ್ಮ ಕಾಲೇಜುಗಳ ‘ಐ ಹ್ಯಾವ್ ಎ ಡೌಟ್’. ನಮಗೆ ಅದು ಬರೀ ಪ್ರಶ್ನೆ, ಅವರಿಗೆ ಅಪನಂಬಿಕೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ, ಕೆಲಸ ಕೆಡುವುದಿಲ್ಲ. ಒಂದು ತಮಾಷೆ: ‘ವರಿ’ ಎಂಬ ಮಾತಿಗೆ ಹಳೆಯ ಇಂಗ್ಲಿಷಿನಲ್ಲಿ ಕತ್ತು ಹಿಸುಕುವುದು ಎಂಬ ಅರ್ಥ. ‘ಆ್ಯಂಕ್ಷಸ್’ ಕೂಡ ಹಿಸುಕುವ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಅವರಿಗೆ ಕತ್ತಿನಲ್ಲಿ, ನಮಗೆ ಮಂಡೆಯಲ್ಲಿ! ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಮಕ್ಕಳಿಗೆ ಮೂರನೆಯ ಭಾಷೆ ಬೆಟ್ಟವಲ್ಲ.

ಆದರೆ ಒಂದು ಜಾಗದಲ್ಲಿ ಮಾತ್ರ ನಾವು ಇಂಗ್ಲಿಷಿಗೆ ತಲೆಬಾಗಬಾರದು. ಅದು ವೈದ್ಯರ ಎದುರಿನ ಕುರ್ಚಿ. ಮನಸ್ಸು ಕೆಟ್ಟು ಹೋದವನಿಗೆ, ನಿದ್ದೆಯಿಲ್ಲದ ಹುಡುಗಿಗೆ ಅಲ್ಲಿ ಇಂಗ್ಲಿಷ್ ಪ್ರಶ್ನಾವಳಿ ಕೊಟ್ಟು ಟಿಕ್ ಹಾಕಿ ಎನ್ನುವುದು ಎಂಥ ನ್ಯಾಯ? ಬೇಗುದಿಗೆ ಯಾವ ಚೌಕದಲ್ಲಿ ಟಿಕ್ ಹಾಕಬೇಕು? ಕನ್ನಡದಲ್ಲಿ ಇದು ಆಗದು ಎನ್ನುವವರಿಗೆ ಉತ್ತರ ಇಲ್ಲೇ ಇದೆ. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಅವರು ಮನೋರೋಗದ ಬಗ್ಗೆ ಕನ್ನಡದಲ್ಲಿ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಹಳ್ಳಿಯವರಿಗೂ ತಿಳಿಯುವಂತೆ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದರು. ನಿಮ್ಹಾನ್ಸ್‌ನವರೇ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ದು ತೋರಿಸಿದರು. ಅಲ್ಲಿಯ ರೋಗಿಗಳೇನು ಇಂಗ್ಲಿಷಿನಲ್ಲಿ ಅತ್ತರೇ? ಪದಗಳ ಕೊರತೆಯೆಂದು ನೆಪ ಹೇಳುವವರಿಗೆ ಇನ್ನೊಂದು ಮಾತು: ಕಿಟ್ಟೆಲರ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಜರ್ಮನಿಯಿಂದ ಬಂದವರಿಗೆ ಸಿಕ್ಕಿದ ಪದಗಳು ನಮ್ಮ ಆಸ್ಪತ್ರೆಯವರಿಗೆ ಸಿಗುವುದಿಲ್ಲವೇ?

ಇದು ದಯೆಯ ಮಾತಲ್ಲ, ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 22ನೆಯ ಕಲಮು ಓದಿ. ಕಾಯಿಲೆ ಏನು, ಕೊಡುವ ಚಿಕಿತ್ಸೆ ಯಾವುದು, ಅದರ ಅಡ್ಡಪರಿಣಾಮ ಏನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ ತಿಳಿಸಬೇಕು. ಅದು ಅವನ ಹಕ್ಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಬಾಡಿಗೆ ಕೋಣೆಯ ಗೋಡೆಗೆ ಇದನ್ನು ಬರೆದು ಅಂಟಿಸಿಕೊಳ್ಳಿ. ಕರೆ ಮಾಡಿದಾಗ ‘ಟೆನ್ಶನ್’ ಎಂದು ಒಂದೇ ಮಾತಿಗೆ ನಿಲ್ಲಬೇಡಿ. ದಿಗಿಲೋ, ದುಗುಡವೋ, ಮಂಡೆಬಿಸಿಯೋ, ಇದ್ದದ್ದು ಇದ್ದ ಹಾಗೆ ಹೇಳಿ.

ಯಾವುದೇ ಆಸ್ಪತ್ರೆ, ಕಾಲೇಜಿನ ಸಮಾಲೋಚನಾ ಕೇಂದ್ರ ನಿಮ್ಮ ಕೈಗೆ ಬರೀ ಇಂಗ್ಲಿಷ್ ಫಾರಂ ಕೊಟ್ಟರೆ, ತುಂಬುವ ಮೊದಲು ಕನ್ನಡದ್ದು ಎಲ್ಲಿ ಎಂದು ಕೇಳಿ. ಇಲ್ಲ ಎಂದರೆ ಒಂದು ಖಾಲಿ ಪ್ರತಿಯನ್ನು ನಮಗೆ ತಲುಪಿಸಿ. ಬಲ್ಲ ವೈದ್ಯರಿಗೆ ತೋರಿಸಿ ಕನ್ನಡ ಮಾಡಿಸುತ್ತೇವೆ. ಅಚ್ಚಿನ ಖರ್ಚು ನಮ್ಮದು. ಕಟ್ಟು ಕಟ್ಟಿ ಅವರ ಮೇಜಿನ ಮೇಲೆ ಇಟ್ಟುಬರಲು ನೀವು ನಾಲ್ಕು ಜನ ಜೊತೆಗೆ ಬನ್ನಿ.